ಹಾಲೇರಿ ಎಂಬ ಹಳೆಯ ರಾಜಧಾನಿ ಮತ್ತು ನಮ್ಮ ಸುಳ್ಯ

ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗುವ ನಮ್ಮ ಕಡೆಯವರು ರಾಜಾಸೀಟು, ಕೋಟೆ, ಗದ್ದುಗೆ ನೋಡಿ ಹಿಂದಿರುಗುತ್ತಾರೆ. ಮಡಿಕೇರಿಗೆ ಹತ್ತಿರದಲ್ಲೇ ಇರುವ ಹಾಲೇರಿಗೆ ಹೋಗುವವರು ಕಡಿಮೆ. 1834ರವರೆಗೆ ಕೊಡಗನ್ನು ಆಳಿದ ಅರಸು ಮನೆತನಕ್ಕೆ ಹೆಸರು ಬಂದದ್ದು ಈ ಊರಿನಿಂದ.

ಇಕ್ಕೇರಿ ಅರಸು ಕುಟುಂಬದ ಒಬ್ಬರು ಜಂಗಮರಾಗಿ ಬಂದು ಹಾಲೇರಿಯಲ್ಲಿ ನೆಲೆನಿಂತು, ಕ್ರಮೇಣ ಕೊಡಗಿನ ಒಡೆಯರಾದರು ಎಂಬುದು ಐತಿಹ್ಯ. 1681ರಲ್ಲಿ ಮುದ್ದುರಾಜ ರಾಜಧಾನಿಯನ್ನು ಮಡಿಕೇರಿಗೆ ಬದಲಾಯಿಸಿದ. ಮುಂದೆ ದೊಡ್ಡವೀರಪ್ಪನ ಕಾಲದಲ್ಲಿ ಅಮರ ಸುಳ್ಯ ಸೀಮೆ ಇಕ್ಕೇರಿಯವರಿಂದ ಈ ಮನೆತನದ ಕೈಗೆ ಬಂತು. ಹೀಗೆ ನಮ್ಮ ಹಿರಿಯರು ಹಾಲೇರಿ ಅರಸರ ಪ್ರಜೆಗಳಾದರು.

ಕಳೆದ ರಜೆಯಲ್ಲಿ ಊರಿಗೆ ಬಂದವನು ಹಾಲೇರಿಗೆ ಹೋಗಿದ್ದೆ. ಕಾಫಿ ತೋಟ, ಮರಗಳ ನೆರಳು, ಅಲ್ಲಲ್ಲಿ ಮನೆಗಳು. ರಾಜಧಾನಿಯ ಗತ್ತು ಎಲ್ಲೂ ಕಾಣಲಿಲ್ಲ. ಆದರೆ ಈ ಊರಿನ ಹೆಸರಿಗೆ ಒಂದು ಕಾಲದಲ್ಲಿ ಎಷ್ಟು ಬಲವಿತ್ತು ಎಂಬುದನ್ನು ನಮ್ಮ ಸುಳ್ಯದ ಚರಿತ್ರೆಯೇ ಹೇಳುತ್ತದೆ.

1834ರಲ್ಲಿ ಕಂಪೆನಿ ಸರಕಾರ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿತು. ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕಟ್ಟಬೇಕಾಯಿತು. ಕೈಯಲ್ಲಿ ದುಡ್ಡಿಲ್ಲದ ರೈತ ಸಾಲಗಾರನಾದ. ಈ ಅಸಮಾಧಾನವೇ 1837ರಲ್ಲಿ ದಂಗೆಯಾಯಿತು.

ಕೆದಂಬಾಡಿ ರಾಮಯ್ಯ ಗೌಡರು ಮತ್ತು ಸಂಗಡಿಗರು ಪುಟ್ಟಬಸಪ್ಪ ಎಂಬ ರೈತನನ್ನು ಹಾಲೇರಿ ವಂಶದ ಕಲ್ಯಾಣಸ್ವಾಮಿ ಎಂದು ಮುಂದೆ ನಿಲ್ಲಿಸಿದರು. ಸಿಂಹಾಸನ ಹೋಗಿ ಮೂರು ವರ್ಷವಾಗಿತ್ತು, ರಾಜಧಾನಿ ಹಾಲೇರಿಯನ್ನು ಬಿಟ್ಟು ಒಂದೂವರೆ ಶತಮಾನವೇ ಕಳೆದಿತ್ತು. ಆದರೂ ಆ ವಂಶದ ಹೆಸರು ಕೇಳಿ ಜನ ಸೇರಿದರು. ಬೆಳ್ಳಾರೆಯ ಖಜಾನೆ ವಶವಾಯಿತು. ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಅವರ ಬಾವುಟ ಹಾರಿತು. 13 ದಿನಗಳ ಬಳಿಕ ಕಂಪೆನಿಯ ಸೈನ್ಯ ಅವರನ್ನು ಸೋಲಿಸಿತು. ನಾಯಕರು ಗಲ್ಲಿಗೇರಿದರು, ಹಲವರು ಗಡೀಪಾರಾದರು.

ನಾವು ಶಾಲೆಯಲ್ಲಿ 1857ರ ದಂಗೆಯನ್ನು ಬಾಯಿಪಾಠ ಮಾಡಿದವರು. ಅದಕ್ಕೆ 20 ವರ್ಷ ಮೊದಲೇ ನಮ್ಮೂರ ರೈತರು ಎದ್ದು ನಿಂತಿದ್ದರು. ಆದ್ದರಿಂದ ಅಧ್ಯಾಪಕರಲ್ಲಿ ಒಂದು ವಿನಂತಿ: ಮುಂದಿನ ಶಾಲಾ ಪ್ರವಾಸದಲ್ಲಿ ಮಕ್ಕಳಿಗೆ ಬೆಳ್ಳಾರೆಯನ್ನೂ ಹಾಲೇರಿಯನ್ನೂ ತೋರಿಸಿ. ಊರ ಹಿರಿಯರೇ, ಮನೆಯ ಪೆಟ್ಟಿಗೆಯಲ್ಲಿ ಹಳೆಯ ಕಾಗದಪತ್ರಗಳಿದ್ದರೆ ಗೆದ್ದಲಿಗೆ ಬಿಡದೆ ಶಾಲೆಗೆ ತಂದು ತೋರಿಸಿ. ಪಠ್ಯಪುಸ್ತಕ ಬಿಟ್ಟ ಪುಟಗಳನ್ನು ನಮ್ಮ ಮಕ್ಕಳು ಅಲ್ಲಿಂದ ಓದಲಿ.