ಕುಮಳಿ ಘಾಟಿಯಲ್ಲಿ ಕೂಗಿದ ಕಾರು: ಸೈಲೆನ್ಸರಿನ ಒಂದಿಷ್ಟು ಚರಿತ್ರೆ

ಕಳೆದ ಕ್ರಿಸ್‌ಮಸ್ ರಜೆಯಲ್ಲಿ ನಾವು ನಾಲ್ವರು ಶಿಕ್ಷಕರು ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಗೆ ಹೋಗಿಬಂದೆವು. ಅಲ್ಲಿಯೂ ದಿಂಡುಗಲ್ ಕಡೆಯೂ ಕನ್ನಡ ಮನೆಮಾತಾಗಿರುವ ಕಪ್ಪಿಲಿಯರು, ಅನುಪ್ಪರು ತಲೆತಲಾಂತರದಿಂದ ಇದ್ದಾರೆ. 1909ರಲ್ಲಿ ಅಚ್ಚಾದ ಥರ್ಸ್ಟನ್ನನ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಇವರಿಬ್ಬರ ಹೆಸರೂ ಇದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಅವರ ಮಾತನ್ನು ಕಿವಿಯಾರೆ ಕೇಳಬೇಕೆಂಬುದು ನಮ್ಮ ಬಹುದಿನದ ಆಸೆಯಾಗಿತ್ತು. ಕೇಳಿದೆವು ಕೂಡ, ಆದರೆ ಒಂದು ವರ್ಕ್‌ಶಾಪಿನಲ್ಲಿ ಕುಳಿತು! ಆ ಕತೆಯೇ ಇಂದಿನ ಬರಹ.

ಕಾರು ನಮ್ಮ ಶಾಲೆಯ ಹಳೆ ವಿದ್ಯಾರ್ಥಿಯೊಬ್ಬನದು. ಬಾಡಿಗೆ ಓಡಿಸಿಯೇ ಮನೆ ನಡೆಸುವ ಹುಡುಗ. ಹೊರಡುವ ತಿಂಗಳ ಹಿಂದಷ್ಟೇ ಎಲ್ಲೋ ಒಂದು ಕಡೆ ಹಳೆಯ ಸೈಲೆನ್ಸರ್ ಬಿಚ್ಚಿಸಿ, ಎರಡೂವರೆ ಇಂಚಿನ ದಪ್ಪ ಕೊಳವೆ ಹಾಕಿಸಿದ್ದ. ಕಂಪೆನಿಯದ್ದನ್ನು ಗುಜರಿಗೆ ಕೊಟ್ಟೂ ಆಗಿತ್ತು. “ಈಗ ಕಾರಿಗೆ ಪವರ್ ಬಂದಿದೆ ಮಾಷ್ಟ್ರೇ” ಎಂದ. ಸದ್ದಂತೂ ಬಂದಿತ್ತು. ಹೆದ್ದಾರಿಯಲ್ಲಿ ನಮ್ಮ ಮಾತು ನಮಗೇ ಕೇಳಿಸದು.

ಕುಮಳಿಯಿಂದ ಲೋವರ್ ಕ್ಯಾಂಪಿಗೆ ಇಳಿಯುವಾಗ ಏನೂ ತಿಳಿಯಲಿಲ್ಲ. ಮರಳಿ ಹತ್ತುವ ದಿನ ಬೆಳಗ್ಗೆ ಬಣ್ಣ ಬಯಲಾಯಿತು. ಐದು ಜನ, ಸಾಮಾನು, ಸಣ್ಣ ಪೆಟ್ರೋಲ್ ಇಂಜಿನು. ತಿರುವಿನಲ್ಲಿ ಎರಡನೇ ಗೇರಿನಲ್ಲಿ ಕಾರು ಕೂಗಿತೇ ಹೊರತು ಏರಲಿಲ್ಲ. ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಕೂಲಿಯಾಳುಗಳನ್ನು ತುಂಬಿಕೊಂಡ ಜೀಪುಗಳು ಒಂದರ ಹಿಂದೊಂದು ನಮ್ಮನ್ನು ದಾಟಿ ಹೋದವು. ಒಳಗಿದ್ದ ಹೆಂಗಸರು ನಕ್ಕದ್ದು ನಮಗೆ ಕಂಡಿತು. ಸುಟ್ಟ ಪೆಟ್ರೋಲಿನ ವಾಸನೆ ಬೇರೆ. ಕಾರು ತಿರುಗಿಸಿ ಕಂಬಂಗೇ ಹೋದೆವು.

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ಮೋಟಾರು ಬಂದ ಹೊಸದರಲ್ಲಿಯೇ ಅದರ ಸದ್ದೂ ತಂಟೆಯಾಗಿತ್ತು. 1897ರಲ್ಲಿ ಅಮೆರಿಕದ ಇಂಡಿಯಾನಾದ ಕೊಲಂಬಸ್ ಊರಿನ ಮಿಲ್ಟನ್ ರೀವ್ಸ್, ಮಾರ್ಷಲ್ ರೀವ್ಸ್ ಎಂಬ ಸೋದರರು ಹೊಗೆಕೊಳವೆಯ ಸದ್ದಡಗಿಸುವ ಡಬ್ಬಿಗೆ ಪೇಟೆಂಟ್ ಪಡೆದರು. ಆಗಿನ ಡಬ್ಬಿಗಳು ಹೊಗೆಯ ದಾರಿಗೆ ಅಡ್ಡಗೋಡೆ ಕಟ್ಟಿದಂತಿದ್ದು ಇಂಜಿನಿನ ಉಸಿರು ಹಿಡಿಯುತ್ತಿದ್ದವು. ಅದಕ್ಕೆ ಜನ ‘ಕಟೌಟ್’ ಎಂಬ ಉಪಾಯ ಮಾಡಿದರು. ಸೈಲೆನ್ಸರಿಗಿಂತ ಮುಂಚೆಯೇ ಕೊಳವೆಯಲ್ಲೊಂದು ಬಾಗಿಲು; ಏರು ಬಂದಾಗ ಕಾಲಿನಿಂದ ಅದುಮಿದರೆ ಬಾಗಿಲು ತೆರೆದು ಹೊಗೆ ನೇರ ಹೊರಗೆ. ಊರು ಬಂದಾಗ ಮುಚ್ಚಬೇಕು. ಮುಚ್ಚುವವರು ಯಾರು? ಕೊನೆಗೆ ಊರೂರಿನ ಆಡಳಿತಗಳು ಕಟೌಟನ್ನೇ ನಿಷೇಧಿಸಬೇಕಾಯಿತು. ಸದ್ದು ಮತ್ತು ಬಲ ಜೋಡಿ ಎತ್ತುಗಳೆಂಬ ನಂಬಿಕೆ ಹುಟ್ಟಿದ್ದು ಆಗ. ಆ ಡಬ್ಬಿಗಳ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ.

ಆದರೆ ಕೊಳವೆ ಹೊಗೆ ಸಾಗಿಸುವ ಚರಂಡಿ ಮಾತ್ರವಲ್ಲ. ಕವಾಟ ತೆರೆದ ಕೂಡಲೇ ಒತ್ತಡದ ಅಲೆಯೊಂದು ಕೊಳವೆಯಲ್ಲಿ ಓಡುತ್ತದೆ. ಕೊಳವೆ ಅಗಲವಾಗುವಲ್ಲಿ ಅದು ಹೀರುವ ಅಲೆಯಾಗಿ ಹಿಂದಿರುಗುತ್ತದೆ. ಸರಿಯಾದ ಹೊತ್ತಿಗೆ ಬಂದರೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದುಕೊಳ್ಳುತ್ತದೆ. ಹೊತ್ತು ತಪ್ಪಿದರೆ ಲಾಭವಿಲ್ಲ. ಮಕ್ಕಳು ಈ ಲೆಕ್ಕ ಮಾಡಬಹುದು: ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರ್ ಎಂದಿಟ್ಟುಕೊಳ್ಳೋಣ. ಒಂದು ಮೀಟರ್ ಹೋಗಿ ಬರಲು ಸೆಕೆಂಡಿನ ಸಾವಿರದ 4 ಭಾಗ. ನಿಮಿಷಕ್ಕೆ 4500 ಸುತ್ತು ತಿರುಗುವ ಇಂಜಿನ್ ಅಷ್ಟರೊಳಗೆ 108 ಡಿಗ್ರಿ ತಿರುಗಿರುತ್ತದೆ. ಸುತ್ತು ಅರ್ಧವಾದರೆ 54 ಡಿಗ್ರಿ ಮಾತ್ರ. ಹಾಗಾಗಿ ಒಂದು ಉದ್ದದ ಕೊಳವೆ ಒಂದು ವೇಗಕ್ಕಷ್ಟೇ ಚೆನ್ನಾಗಿ ಒದಗುತ್ತದೆ.

ಇದನ್ನು ಪೂರಾ ಅರಗಿಸಿಕೊಂಡದ್ದು ಎರಡು ಸ್ಟ್ರೋಕಿನ ಬೈಕುಗಳು. ಪೂರ್ವ ಜರ್ಮನಿಯ ಶೋಪಾವು ಊರಿನ ಎಂ.ಝಡ್. ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬ ಇಂಜಿನಿಯರ್ 1950ರ ದಶಕದಲ್ಲಿ ಹೊಗೆಕೊಳವೆಗೆ ಹೊಟ್ಟೆಯ ಆಕಾರ ಕೊಟ್ಟು ತಿದ್ದುತ್ತಾ ಹೋದ. ಕೊಳವೆ ಅಗಲವಾಗುವ ಭಾಗ ಹೀರುತ್ತದೆ. ಮುಂದೆ ಕಿರಿದಾಗುವ ಭಾಗ, ಸುಡದೆ ಹೊರಬಿದ್ದ ಹೊಸ ಪೆಟ್ರೋಲ್ ಗಾಳಿಯನ್ನು ಮರಳಿ ಒಳಗೆ ನೂಕುತ್ತದೆ. 1961ರ ಹೊತ್ತಿಗೆ ಅವನ 125 ಸಿ.ಸಿ. ಇಂಜಿನು 25 ಅಶ್ವಶಕ್ತಿ ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವನ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ಪಂದ್ಯದಿಂದ ತಲೆತಪ್ಪಿಸಿಕೊಂಡು ಆ ವಿದ್ಯೆಯನ್ನು ಜಪಾನಿನ ಸುಝುಕಿಗೆ ಒಯ್ದ. ಮರುವರ್ಷ 50 ಸಿ.ಸಿ. ವಿಶ್ವ ಪ್ರಶಸ್ತಿ ಸುಝುಕಿಗೆ. ಕೊಳವೆಯ ಆಕಾರಕ್ಕಾಗಿ ಗಡಿ ದಾಟಿದ ಕತೆಯಿದು, ಗಡಿನಾಡಿನ ನಮಗೆ ಸ್ವಾರಸ್ಯವೆನಿಸುತ್ತದೆ.

ಅದೇ 1961ರಲ್ಲಿ ನಮ್ಮ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಜಾವಾ, ಆಮೇಲೆ ಯೆಜ್ಡಿ; ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಮ್ಮಲ್ಲಿ ಹಿರಿಯರೊಬ್ಬರು ತಮ್ಮ ಯೆಜ್ಡಿಯ ಸೈಲೆನ್ಸರಿನ ಒಳಕೊಳವೆಗೆ ಕಟ್ಟಿದ ಮಸಿಯನ್ನು ಬೆಂಕಿಗೆ ಹಿಡಿದು ಉದುರಿಸುತ್ತಿದ್ದುದನ್ನು ನೆನೆದರು. ಕೆಲವು ಹುಡುಗರು ಆ ಒಳಕೊಳವೆಯನ್ನೇ ಕಿತ್ತೆಸೆದು ಓಡಿಸುತ್ತಿದ್ದರಂತೆ. ಗದ್ದಲ ಹೆಚ್ಚಾದದ್ದನ್ನು ವೇಗವೆಂದು ಎಣಿಸುವ ರೋಗ ಹಳೆಯದೇ.

ಕಂಬಂನ ಮೇಸ್ತ್ರಿ ಕಾರಿನಡಿ ನುಗ್ಗಿ ಹೊರಬಂದು, ನಾವು ಕನ್ನಡದಲ್ಲಿ ಗೊಣಗುವುದನ್ನು ಕೇಳಿ, ತನ್ನ ಮನೆಮಾತಿನಲ್ಲಿಯೇ ಮಾತಾಡಿದರು. ಮುಕ್ಕಾಲು ಭಾಗ ಅರ್ಥವಾಯಿತು, ಉಳಿದದ್ದು ತಮಿಳು. ಅವರು ಹೇಳಿದ್ದು ಎರಡು ವಿಷಯ. ಸಣ್ಣ ಇಂಜಿನಿಗೆ ದಪ್ಪ ಕೊಳವೆ ಹಾಕಿದರೆ ಹೊಗೆಯ ಓಟ ನಿಧಾನವಾಗುತ್ತದೆ. ನೇರ ರಸ್ತೆಯಲ್ಲಿ ಹೆಚ್ಚು ಸುತ್ತಿನಲ್ಲಿ ಏನಾದರೂ ಸ್ವಲ್ಪ ಸಿಕ್ಕೀತು. ಘಾಟಿಯಲ್ಲಿ ಬೇಕಾದ ಕಡಿಮೆ ಸುತ್ತಿನ ಎಳೆತ ಹೋಗುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು: ಜೋಡಣೆಯ ಗ್ಯಾಸ್ಕೆಟ್ ಸರಿ ಕೂರಿಸಿರಲಿಲ್ಲ. ಸೋರುವಲ್ಲಿ ಹೊರಗಾಳಿ ಒಳ ಸೇರಿದರೆ ಆಮ್ಲಜನಕದ ಸೆನ್ಸರ್ ಮೋಸ ಹೋಗಿ, ಇಂಜಿನಿಗೆ ಪೆಟ್ರೋಲ್ ಸಾಲದೆಂದು ಹೇಳುತ್ತದೆ. ಕಂಪ್ಯೂಟರ್ ಇನ್ನಷ್ಟು ಸುರಿಯುತ್ತದೆ. ವಾಸನೆ ಬಂದದ್ದೂ, ಹುಡುಗನಿಗೆ ಒಂದು ತಿಂಗಳಿಂದ ಮೈಲೇಜ್ ಕಡಿಮೆಯಾದದ್ದೂ ಅದರಿಂದ. ದುಡಿಮೆಯ ಕಾರು, ಲೆಕ್ಕ ಹಾಕಿದಾಗ ಅವನ ಮುಖ ಸಣ್ಣಗಾಯಿತು.

ಹಾಗಾದರೆ ಸದ್ದಿಲ್ಲದೆ ಬಲ ಹೆಚ್ಚಿಸಲು ಬರುವುದೇ ಇಲ್ಲವೇ ಎಂದು ಕೇಳಿದೆವು. ಬರುತ್ತದೆ, ಆದರೆ ಸ್ವಲ್ಪವೇ. ತುಕ್ಕು ಹಿಡಿದು ಒಳಗೆ ಕುಸಿದ ಸೈಲೆನ್ಸರ್ ಬದಲಿಸಿದರೆ ಹೋದ ಬಲ ಮರಳುತ್ತದೆ, ಹೆಚ್ಚಿನವರಿಗೆ ಬೇಕಾದದ್ದು ಅಷ್ಟೇ. ಅದರಾಚೆಗೆ, ಚಪ್ಪಟೆಯಾಗದ ನಯವಾದ ಬಾಗುಗಳು, ಅಳತೆ ಮೀರದ ವ್ಯಾಸ, ತೂತುಕೊಳವೆಯ ಸುತ್ತ ಗಾಜಿನ ಉಣ್ಣೆ ತುಂಬಿದ ನೇರದಾರಿಯ ಸೈಲೆನ್ಸರ್. ಇದರಲ್ಲಿ ಹೊಗೆಗೆ ಅಡ್ಡಿಯಿಲ್ಲ, ಸದ್ದನ್ನು ಉಣ್ಣೆ ನುಂಗುತ್ತದೆ. ಕಿವಿಗೆ ಗುಂಯ್‌ಗುಡುವ ಒಂದೇ ಸ್ವರವನ್ನು ಅಡಗಿಸಲು ರೆಸೊನೇಟರ್ ಎಂಬ ಪುಟ್ಟ ಕೋಣೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರ ತನ್ನ ಗ್ರಂಥದಲ್ಲಿ ವಿವರಿಸಿದ ತತ್ತ್ವವೇ ಅದು. ಖಾಲಿ ಸೀಸೆಯ ಬಾಯಿಗೆ ಊದಿದಾಗ ಕೇಳುವ ಸ್ವರ. ನಮ್ಮ ಹುಡುಗನ ಕಾರಿನಲ್ಲಿ ಅದನ್ನೂ ಕಿತ್ತಿದ್ದರು.

ಕಾನೂನಿನ ಮಾತು ಬಿಡುವಂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮ ಪ್ರತಿ ವಾಹನಕ್ಕೂ ಸೈಲೆನ್ಸರ್ ಕಡ್ಡಾಯ ಮಾಡಿದೆ. ಕಂಪೆನಿಯ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ, ನಮ್ಮ ಕೇರಳದಿಂದಲೇ ಹೋದ ಮೊಕದ್ದಮೆಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಶಬ್ದ, ಹೊಗೆಯ ಮಿತಿ ಮೀರಿದರೆ ದಂಡ 10,000 ರೂಪಾಯಿವರೆಗೆ ಏರಿತು. ಮೂರು ತಿಂಗಳು ಲೈಸೆನ್ಸ್ ಕಳೆದುಕೊಳ್ಳಲೂಬಹುದು. ಬಾಡಿಗೆ ಓಡಿಸುವವನಿಗೆ ಮೂರು ತಿಂಗಳೆಂದರೆ ಏನೆಂದು ವಿವರಿಸಬೇಕೇ?

ನಮಗೆ ಇನ್ನೊಂದು ಲೆಕ್ಕವೂ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಶಾಲೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಬಹುದು, ಹಗಲಿನ ಮಿತಿ 50 ಡೆಸಿಬೆಲ್. ಹೆದ್ದಾರಿ ಪಕ್ಕದ ತರಗತಿಯಲ್ಲಿ ಉಕ್ತಲೇಖನ ಬರೆಸುವಾಗ ಇಂಥ ಬೈಕೊಂದು ಹೋದರೆ ಅಲ್ಪಪ್ರಾಣ ಮಹಾಪ್ರಾಣಗಳೆಲ್ಲ ಒಂದಾಗಿಬಿಡುತ್ತವೆ. ಮನೆಯಲ್ಲಿ ಮಲಯಾಳವೋ ತುಳುವೋ ಆಡುವ ಮಗುವಿಗೆ ಕನ್ನಡದ ಶಬ್ದ ಕಿವಿಗೆ ಬೀಳುವುದು ಆ ನಲ್ವತ್ತು ನಿಮಿಷವೇ.

ಮೇಸ್ತ್ರಿ ಅದೇ ಮಾದರಿಯ ಕಾರಿನ, ಇನ್ನೂ ಗಟ್ಟಿಯಿದ್ದ ಹಳೆ ಸೈಲೆನ್ಸರನ್ನು ಮಧ್ಯಾಹ್ನದೊಳಗೆ ಹುಡುಕಿಸಿ ತಂದು, ಹೊಸ ಗ್ಯಾಸ್ಕೆಟಿನೊಂದಿಗೆ ಕೂರಿಸಿದರು. ಹಣ ಸರಿಯಾಗಿಯೇ ತೆಗೆದುಕೊಂಡರು. ಸಂಜೆ ಅದೇ ಘಾಟಿಯನ್ನು ಎರಡನೇ ಗೇರಿನಲ್ಲಿ ಹತ್ತಿದೆವು, ಮಾತಾಡುತ್ತಲೇ. ಎದುರಿನಿಂದ ಕೆಲಸ ಮುಗಿಸಿ ಇಳಿಯುತ್ತಿದ್ದ ಜೀಪುಗಳು ಸಿಕ್ಕಿದವು.

ದಪ್ಪ ಕೊಳವೆಯ ಸೈಲೆನ್ಸರನ್ನು ಹುಡುಗ ಶಾಲೆಗೇ ಕೊಟ್ಟ. ಉದ್ದಕ್ಕೆ ಕೊಯ್ಯಿಸಿ ವಿಜ್ಞಾನದ ಕೋಣೆಯಲ್ಲಿ ಇಟ್ಟಿದ್ದೇವೆ. ಒಳಗೆ ಉಣ್ಣೆ ಎಂಬುದೇ ಇರಲಿಲ್ಲ, ಬರೀ ತೂತುಕೊಳವೆ. ಏಳನೇ ತರಗತಿಯವರು ತೂತುಗಳನ್ನು ಎಣಿಸಿದರು, ಇಬ್ಬರ ಲೆಕ್ಕ ಒಂದೇ ಬರಲಿಲ್ಲ.