ಪಕ್ಷಗಳ ಅಕ್ರಮ–ಸಕ್ರಮ

ಅಕ್ರಮ–ಸಕ್ರಮ ಎಂದರೇನೆಂದು ಉತ್ತರಹಳ್ಳಿಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರು ದಕ್ಷಿಣ ತಾಲ್ಲೂಕಿನ ಈ ಹೋಬಳಿ ಊರಿನ ಸುತ್ತಲ ಹೊಲ, ತೋಟಗಳು ನಮ್ಮ ಕಣ್ಣೆದುರೇ ಬಡಾವಣೆಗಳಾದವು. ಭೂ ಪರಿವರ್ತನೆಯಾಗದ ಜಮೀನಿನಲ್ಲಿ ರೆವಿನ್ಯೂ ಸೈಟು ಕೊಂಡು, ಚೀಟಿ ಎತ್ತಿ, ಒಡವೆ ಅಡವಿಟ್ಟು ಮನೆ ಕಟ್ಟಿಕೊಂಡವರಲ್ಲಿ ಹೆಚ್ಚಿನವರು ಸಣ್ಣ ಸಂಬಳದವರು, ಸಣ್ಣ ವ್ಯಾಪಾರಿಗಳು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಊರು ನಗರದೊಳಗೆ ಸೇರಿತು. ಪಾಲಿಕೆ ಇಂಥ ಮನೆಗಳಿಗೆ 'ಬಿ' ಖಾತಾ ಎಂಬ ಬೇರೆಯೇ ಪುಸ್ತಕ ಇಟ್ಟಿತು. ತೆರಿಗೆಯನ್ನು ಪೂರ್ತಿ ವಸೂಲು ಮಾಡಿತು. ತೆರಿಗೆ ಕಟ್ಟಿದ ಮಾತ್ರಕ್ಕೆ ನಿಮ್ಮ ಮನೆ ಸಕ್ರಮವಾಗದು ಎಂದೂ ಹೇಳಿತು. 2008ರ ಸ್ವಯಂ ಘೋಷಣೆ ಪದ್ಧತಿಯಲ್ಲಿ ಏಪ್ರಿಲ್ ತಿಂಗಳೊಳಗೆ ಪೂರ್ತಿ ಕಟ್ಟಿದವರಿಗೆ ಶೇ 5 ರಿಯಾಯಿತಿ, ಗಡುವು ಮೀರಿದವರಿಗೆ ತಿಂಗಳಿಗೆ ಶೇ 2 ಬಡ್ಡಿ.

2008ರ ಕ್ಷೇತ್ರ ವಿಂಗಡಣೆಯಲ್ಲಿ ಒಡೆದು ಹೋಗುವವರೆಗೆ ಉತ್ತರಹಳ್ಳಿ, ಮತದಾರರ ಸಂಖ್ಯೆಯಲ್ಲಿ ರಾಜ್ಯದ ಅತಿ ದೊಡ್ಡ ವಿಧಾನಸಭಾ ಕ್ಷೇತ್ರಗಳಲ್ಲಿ ಒಂದಾಗಿತ್ತು. ಎಲ್ಲ ಪಕ್ಷಗಳ ಬಾವುಟಗಳೂ ಈ ಬೀದಿಗಳಲ್ಲಿ ಹಾರಿವೆ, ಮನೆ ಸಕ್ರಮ ಮಾಡಿಕೊಡುವ ಭರವಸೆಯೂ ಪ್ರತಿ ಚುನಾವಣೆಯಲ್ಲಿ ಕೇಳಿಬಂದಿದೆ. ಹಾಗೆ ಮತ ಕೇಳಲು ಬಂದ ಪಕ್ಷಗಳು ತಮ್ಮ ಲೆಕ್ಕವನ್ನು ಹೇಗೆ ಸಕ್ರಮ ಮಾಡಿಕೊಂಡವು? ಆ ಚರಿತ್ರೆಯನ್ನು ಸ್ವಲ್ಪ ನೋಡೋಣ.

1961ರ ಆದಾಯ ತೆರಿಗೆ ಕಾಯಿದೆಯಲ್ಲಿ ರಾಜಕೀಯ ಪಕ್ಷಗಳಿಗೆಂದು ಮೊದಲು ಪ್ರತ್ಯೇಕ ಕಲಮೇ ಇರಲಿಲ್ಲ. ಜನತಾ ಸರಕಾರದ ಕಾಲದಲ್ಲಿ, 1978ರ ತಿದ್ದುಪಡಿಯ ಮೂಲಕ 13ಎ ಕಲಮು ಸೇರಿತು. 1979ರ ಏಪ್ರಿಲ್ 1ರಿಂದ ಪಕ್ಷಗಳ ಬಾಡಿಗೆ, ಬಡ್ಡಿ, ದೇಣಿಗೆ ಎಲ್ಲಕ್ಕೂ ತೆರಿಗೆ ಮನ್ನಾ ಆಯಿತು. ಪ್ರತಿಯಾಗಿ ಪಕ್ಷಗಳು ಲೆಕ್ಕ ಇಡಬೇಕು, ಲೆಕ್ಕ ಪರಿಶೋಧನೆ ಮಾಡಿಸಬೇಕು, ದೊಡ್ಡ ಮೊತ್ತ ಕೊಟ್ಟವರ ಹೆಸರು ಬರೆದಿಡಬೇಕು, ವರ್ಷ ವರ್ಷ ರಿಟರ್ನ್ ಸಲ್ಲಿಸಬೇಕು. ವಿನಾಯಿತಿಯನ್ನು ನಾವು ತಪ್ಪೆನ್ನುವುದಿಲ್ಲ. ಪ್ರಜಾಪ್ರಭುತ್ವದಲ್ಲಿ ಪಕ್ಷ ಬೇಕು, ಪಕ್ಷ ನಡೆಸಲು ಹಣ ಬೇಕು. ಲೆಕ್ಕ ಒಪ್ಪಿಸಿ ವಿನಾಯಿತಿ ಪಡೆಯುವುದು ನ್ಯಾಯವಾದ ಒಪ್ಪಂದವೇ.

ಒಪ್ಪಂದದಲ್ಲಿ ತಾವು ಮಾಡಬೇಕಾದ್ದನ್ನು ಪಕ್ಷಗಳು ಮಾಡಲಿಲ್ಲ. ಎಚ್.ಡಿ. ಶೌರಿಯವರ 'ಕಾಮನ್ ಕಾಸ್' ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋದಾಗ, ಅನೇಕ ಪಕ್ಷಗಳು ವರ್ಷಗಟ್ಟಲೆ ರಿಟರ್ನೇ ಸಲ್ಲಿಸಿಲ್ಲ ಎಂಬುದು ಬಯಲಾಯಿತು. 1996ರ ಏಪ್ರಿಲ್ 4ರಂದು, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ, ನ್ಯಾಯಾಲಯ ಇದು ಕಾನೂನಿನ ಉಲ್ಲಂಘನೆ ಎಂದಿತು. ಸುಮ್ಮನೆ ಕುಳಿತ ತೆರಿಗೆ ಅಧಿಕಾರಿಗಳನ್ನೂ ತರಾಟೆಗೆ ತೆಗೆದುಕೊಂಡು, ತನಿಖೆಗೆ ಸೂಚಿಸಿತು. ಕಿರಾಣಿ ಅಂಗಡಿಯವನು ಒಂದು ವರ್ಷ ತಪ್ಪಿಸಿದರೆ ಮನೆಗೆ ನೋಟಿಸು ಬರುತ್ತದೆ!

ಇಲ್ಲಿ ಇನ್ನೊಂದು ಹೋಲಿಕೆ ಮಾಡಲೇಬೇಕು, ಏಕೆಂದರೆ ನಮ್ಮ ಓದುಗರಲ್ಲಿ ಶಾಲೆ, ಅನಾಥಾಲಯ, ಆಸ್ಪತ್ರೆ ನಡೆಸುವ ಟ್ರಸ್ಟುಗಳಲ್ಲಿ ಓಡಾಡುವವರು ಹಲವರಿದ್ದಾರೆ. ತೆರಿಗೆ ವಿನಾಯಿತಿ ಬೇಕಾದರೆ ಟ್ರಸ್ಟು ನೋಂದಣಿ ಮಾಡಿಸಬೇಕು, ಆದಾಯದ ಶೇ 85 ಭಾಗವನ್ನು ಉದ್ದೇಶಿತ ಕೆಲಸಕ್ಕೇ ವಿನಿಯೋಗಿಸಬೇಕು. 13ಎ ಕಲಮಿನಲ್ಲಿ ಹಣವನ್ನು ಯಾವುದಕ್ಕೆ ಖರ್ಚು ಮಾಡಬೇಕೆಂಬ ಷರತ್ತೇ ಇಲ್ಲ. 2006ರ ಹಣಕಾಸು ಕಾಯಿದೆ, ಇಂಥ ಟ್ರಸ್ಟುಗಳಿಗೆ ಹೆಸರಿಲ್ಲದವರು ಕೊಟ್ಟ ದಾನದ ಮೇಲೆ ಶೇ 30 ತೆರಿಗೆ ಹಾಕಿತು. ಆಮೇಲೆ ಅದಕ್ಕೊಂದು ಸಣ್ಣ ಮಿತಿಯ ರಿಯಾಯಿತಿ ಬಂತು. ಪಕ್ಷಗಳಾದರೋ 20,000 ರೂಪಾಯಿವರೆಗಿನ ದೇಣಿಗೆಗೆ ಕೊಟ್ಟವರ ಹೆಸರು ಹೇಳಬೇಕಾಗಿರಲಿಲ್ಲ. ಇನ್ನು ಕೊಡುವವರ ಕಡೆಯ ಲೆಕ್ಕ: ಅನಾಥಾಲಯಕ್ಕೆ ಕೊಟ್ಟ ಹಣದಲ್ಲಿ ಸಾಮಾನ್ಯವಾಗಿ ಅರ್ಧಕ್ಕೆ ಮಾತ್ರ, ಅದೂ ಒಂದು ಮಿತಿಯೊಳಗೆ, ತೆರಿಗೆ ಕಡಿತ ಸಿಗುತ್ತಿತ್ತು. ಪಕ್ಷಕ್ಕೆ ಕೊಟ್ಟ ಹಣದ ಪೂರ್ತಿ ಮೊತ್ತಕ್ಕೂ ಕಡಿತ ಕೊಡುವ ಕಾನೂನು 2003ರಲ್ಲಿ ಬಂತು.

2017ರ ಹಣಕಾಸು ಕಾಯಿದೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಿತು. ನಗದು ದೇಣಿಗೆಯ ಮಿತಿ 2,000 ರೂಪಾಯಿಗೆ ಇಳಿಯಿತು, ಗಡುವಿನೊಳಗೆ ರಿಟರ್ನ್ ಸಲ್ಲಿಸಿದರೆ ಮಾತ್ರ ವಿನಾಯಿತಿ ಎಂಬ ಷರತ್ತು ಸೇರಿತು. ಜೊತೆಗೇ ಚುನಾವಣಾ ಬಾಂಡ್ ಬಂತು. ಬಾಂಡ್ ಕೊಟ್ಟವರ ಹೆಸರು ಇಡಬೇಕಾಗಿಲ್ಲ ಎಂದು ಅದೇ 13ಎ ಕಲಮನ್ನು ತಿದ್ದಲಾಯಿತು. 2018ರ ಮಾರ್ಚಿನಿಂದ 2024ರ ಜನವರಿವರೆಗೆ ಸುಮಾರು 16,518 ಕೋಟಿ ರೂಪಾಯಿಯ ಬಾಂಡುಗಳು ಮಾರಾಟವಾದವು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ಆ ಯೋಜನೆಯನ್ನು ರದ್ದು ಮಾಡಿತು.

ಗಡುವಿನ ಷರತ್ತು ಬಿಗಿಯಾಗಿಯೇ ಬಿದ್ದದ್ದು ಕಾಂಗ್ರೆಸ್ ಪಕ್ಷದ ಮೇಲೆ. 2018ರ ಡಿಸೆಂಬರ್ 31ಕ್ಕೆ ಸಲ್ಲಿಸಬೇಕಿದ್ದ ರಿಟರ್ನನ್ನು ಅದು 2019ರ ಫೆಬ್ರವರಿ 2ರಂದು ಸಲ್ಲಿಸಿತು. ಮಿತಿ ಮೀರಿದ ನಗದು ದೇಣಿಗೆಯೂ ಅದರಲ್ಲಿ ಕಂಡುಬಂತು. 199 ಕೋಟಿ ರೂಪಾಯಿಯ ವಿನಾಯಿತಿ ಕೈತಪ್ಪಿತು, ಮೇಲ್ಮನವಿ ನ್ಯಾಯಮಂಡಳಿ 2025ರ ಜುಲೈಯಲ್ಲಿ ಅದನ್ನೇ ಎತ್ತಿಹಿಡಿಯಿತು. ನಿಯಮ ನಿಯಮವೇ, ನಮ್ಮದೇನೂ ತಕರಾರಿಲ್ಲ. ಆದರೆ ಖಾತೆಗಳಿಗೆ ತಡೆ ಬಿದ್ದದ್ದು 2024ರ ಲೋಕಸಭಾ ಚುನಾವಣೆಗೆ ಕೆಲವೇ ವಾರಗಳಿದ್ದಾಗ, ಅದೂ ವಿರೋಧ ಪಕ್ಷದ ಮೇಲೆ. ಆಳುವವರ ಮೇಲೂ ನಿಯಮ ಇಷ್ಟೇ ಚುರುಕಾಗಿ ಕೆಲಸ ಮಾಡುತ್ತಿತ್ತೇ ಎಂದು ಜನ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗೆಂದು ಈ ಎರಡು ಪಕ್ಷಗಳ ನಡುವೆ ಎಲ್ಲದರಲ್ಲೂ ಜಗಳ ಎಂದುಕೊಳ್ಳಬೇಡಿ. ಲಂಡನ್ನಿನ ವೇದಾಂತ ಕಂಪೆನಿಗೆ ಸೇರಿದ ಸ್ಟೆರ್ಲೈಟ್ ಮತ್ತು ಸೆಸಾ ಗೋವಾ (ನಮ್ಮ ಚಿತ್ರದುರ್ಗದಲ್ಲಿ ಅದಿರು ತೆಗೆದದ್ದೂ ಇದೇ ಸೆಸಾ ಗೋವಾ) ಕಂಪೆನಿಗಳಿಂದ ದೇಣಿಗೆ ಪಡೆದು ಕಾಂಗ್ರೆಸ್ ಮತ್ತು ಬಿಜೆಪಿ ಎರಡೂ ವಿದೇಶಿ ದೇಣಿಗೆ ಕಾಯಿದೆಯನ್ನು ಮುರಿದಿವೆ ಎಂದು ದೆಹಲಿ ಹೈಕೋರ್ಟು 2014ರ ಮಾರ್ಚ್ 28ರಂದು ತೀರ್ಪಿತ್ತಿತು. ಕ್ರಮ ಕೈಗೊಳ್ಳುವ ಬದಲು ಕಾಯಿದೆಯನ್ನೇ ಬದಲಿಸಲಾಯಿತು. 2016ರ ಹಣಕಾಸು ಕಾಯಿದೆ 'ವಿದೇಶಿ ಮೂಲ'ದ ಅರ್ಥವನ್ನು 2010ರಿಂದ ಪೂರ್ವಾನ್ವಯವಾಗಿ ತಿದ್ದಿತು. ಆ ದೇಣಿಗೆಗಳು 1976ರ ಹಳೆಯ ಕಾಯಿದೆಯ ಕಾಲದವು, ಹಾಗಾಗಿ ತಿದ್ದುಪಡಿ ಸಾಲದಾಯಿತು. 2018ರ ಹಣಕಾಸು ಮಸೂದೆಯಲ್ಲಿ ಆ ದಿನಾಂಕವನ್ನು 1976ರ ಆಗಸ್ಟ್ 5ಕ್ಕೆ ಒಯ್ದರು. ಲೋಕಸಭೆ ಆ ಮಸೂದೆಯನ್ನು 2018ರ ಮಾರ್ಚ್ 14ರಂದು ಚರ್ಚೆಯಿಲ್ಲದೆ ಅಂಗೀಕರಿಸಿತು. ನಲವತ್ತೆರಡು ವರ್ಷಗಳ ಅಕ್ರಮ ಒಂದೇ ಸಾಲಿನಲ್ಲಿ ಸಕ್ರಮ. ದಂಡವಿಲ್ಲ, ಶುಲ್ಕವಿಲ್ಲ, ಅರ್ಜಿಯೂ ಇಲ್ಲ.

ಉತ್ತರಹಳ್ಳಿಯಂಥ ಊರುಗಳ ಸಕ್ರಮದ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕಟ್ಟಡ ಉಲ್ಲಂಘನೆಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡಲು ರಾಜ್ಯ 2007ರಲ್ಲಿ ನಗರ ಯೋಜನೆ ಕಾಯಿದೆಗೆ ತಿದ್ದುಪಡಿ ತಂದಿತು. ನಿಯಮಗಳು ತಯಾರಾದದ್ದು 2014ರಲ್ಲಿ. ವಾಸದ ಮನೆಗೆ ಶೇ 50ರವರೆಗಿನ ಉಲ್ಲಂಘನೆ ಮಾತ್ರ, 2013ರ ಅಕ್ಟೋಬರ್ 19ರೊಳಗೆ ಕಟ್ಟಿರಬೇಕು. 2016ರ ಡಿಸೆಂಬರಿನಲ್ಲಿ ಹೈಕೋರ್ಟು ಯೋಜನೆಯನ್ನು ಒಪ್ಪಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಟ್ಟಿತು. ತಡೆಗೆ ಕಾರಣವಿತ್ತು, ಕೆರೆ, ಕಾಲುವೆ, ಗಾಳಿ, ಬೆಳಕಿನ ಪ್ರಶ್ನೆಗಳು ಸುಳ್ಳಲ್ಲ. ದೊಡ್ಡ ಬಿಲ್ಡರುಗಳು ಈ ಬಾಗಿಲಿನಿಂದಲೇ ನುಸುಳುವರೆಂಬ ಭಯವೂ ಸುಳ್ಳಲ್ಲ. ಅಷ್ಟರಲ್ಲಿ ಮೂವತ್ತು–ನಲವತ್ತರ ಸೈಟಿನವರು ವರ್ಷ ವರ್ಷ ತೆರಿಗೆ ಕಟ್ಟುತ್ತಲೇ ಬಂದರು. ಬಿ ಖಾತಾ ಇಟ್ಟುಕೊಂಡು ಬ್ಯಾಂಕಿನಲ್ಲಿ ಸಾಲ ಕೇಳಿದವರಿಗೆ ಸಿಕ್ಕ ಉತ್ತರ ಏನೆಂದು ಅವರಿಗೇ ಗೊತ್ತು.

2025ರಲ್ಲಿ ಪಾಲಿಕೆ ಹೋಗಿ ಐದು ಪಾಲಿಕೆಗಳಾದವು. ಅದೇ ವರ್ಷ ಬಂದ ಹೊಸ ಆದಾಯ ತೆರಿಗೆ ಕಾಯಿದೆ ಪಕ್ಷಗಳ ವಿನಾಯಿತಿಯನ್ನು ಹಾಗೆಯೇ ಉಳಿಸಿಕೊಂಡಿತು. ಬಿ ಖಾತಾ ನಿವೇಶನಗಳನ್ನು ಎ ಖಾತಾಗೆ ಬದಲಿಸುವ ಯೋಜನೆಯನ್ನೂ ರಾಜ್ಯ ಸರಕಾರ ಆ ವರ್ಷವೇ ಘೋಷಿಸಿತು. ಆಗ ಗೊತ್ತುಮಾಡಿದ ಶುಲ್ಕ ನಿವೇಶನದ ಮಾರ್ಗಸೂಚಿ ಬೆಲೆಯ ಶೇ 5.