ಮುತ್ತಜ್ಜನ ಡಮಾಸ್ಕಸ್ ಕೋವಿ

ನಮ್ಮ ಐನ್‌ಮನೆ ಗೋಡೆಯ ಮೇಲೆ ಮುತ್ತಜ್ಜನ ಜೋಡುನಳಿಗೆ ಕೋವಿ ಇದೆ. ನಳಿಗೆಯ ಮೈಮೇಲೆಲ್ಲ ಹೆಬ್ಬೆಟ್ಟಿನ ಗುರುತಿನ ಹಾಗೆ ಸುರುಳಿ ಸುರುಳಿ ಗೆರೆ. ಕೈಲ್‌ಪೊಳ್ದ್ ದಿನ ಅದರ ತುದಿಗೆ ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡ್ತೀವಿ. ಉಳಿದಂತೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ.

ದೊಡ್ಡಪ್ಪ ತೀರಿಕೊಂಡ ದಿನ ಅದು ಕೆಳಗಿಳಿಯಿತು. ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ಪದ್ಧತಿ. "ಆ ಎರಡೂ ಇದರಲ್ಲೇ ಆಗಲಿ, ಇದಂದ್ರೆ ಅವರಿಗೆ ಪ್ರಾಣ" ಅಂದ ತಮ್ಮ. ಕೈಯಲ್ಲಿ ಹೊಸ ತೋಟೆ ಬೇರೆ. ನಾನು ಬೇಡ ಅಂದೆ. "ಡಮಾಸ್ಕಸ್ ಉಕ್ಕು ಅಣ್ಣ, ಏನಾಗುತ್ತೆ?" ಅಂತ ಕೇಳಿದ. ಸಾವಿನ ಮನೆಯಲ್ಲಿ ಇತಿಹಾಸ ಬಿಚ್ಚೋಕಾಗುತ್ತಾ? ಅವತ್ತು ಹೇಳದ್ದನ್ನು ಇಲ್ಲಿ ಹೇಳ್ತೀನಿ.

ಎಡವಟ್ಟು ಶುರುವಾಗೋದೇ ಹೆಸರಿನಿಂದ. ಹೆಸರಾಂತ ಡಮಾಸ್ಕಸ್ ಕತ್ತಿಗಳ ಉಕ್ಕು ದಕ್ಷಿಣ ಭಾರತದ ಮೂಸೆಗಳಲ್ಲಿ ಕರಗಿ ಬಂದದ್ದು. ಇಂಗ್ಲಿಷರು ಅದನ್ನು 'ವೂಟ್ಜ್' ಅಂದರು. ಆ ಪದದ ಬೇರು ನಮ್ಮ ಕನ್ನಡದ 'ಉಕ್ಕು' ಎಂಬುದು ನಿಘಂಟುಕಾರರ ಊಹೆ. ಆದರೆ ಕೋವಿಯ ಡಮಾಸ್ಕಸ್‌ಗೂ ಅದಕ್ಕೂ ಸಂಬಂಧ ಬರೀ ಗೆರೆಯ ಹೋಲಿಕೆಯದು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಪೇರಿಸಿ ಕಾಯಿಸಿ, ಸರಳು ಮಾಡಿ, ಹಗ್ಗದಂತೆ ಹೊಸೆದು, ಅಂಥ ಎರಡು ಮೂರು ಸರಳುಗಳನ್ನು ಜೋಡಿಸಿ, ಒಂದು ಕಂಬಿಗೆ ಸುತ್ತಿ ಬಡಿದು ಬೆಸೆದರೆ ನಳಿಗೆ. ಬೆಲ್ಜಿಯಂನ ಲಿಯೇಜ್ ಪಕ್ಕದ ವೆಸ್ಡ್ರ್ ಕಣಿವೆಯ ಕಮ್ಮಾರರು ಇದರಲ್ಲಿ ಪಳಗಿದವರು. ಅಂದರೆ ನಳಿಗೆಯ ಉದ್ದಕ್ಕೂ ಇರೋದು ಬೆಸುಗೆಯೇ. ಎಲ್ಲೋ ಒಂದು ಕಡೆ ಕಿಟ್ಟ ಸಿಕ್ಕಿಕೊಂಡಿದ್ದರೆ, ತುಕ್ಕು ಅಲ್ಲಿಂದ ಒಳಗೊಳಗೇ ತಿನ್ನುತ್ತೆ.

ಹಾಗಂತ ಡಮಾಸ್ಕಸ್ ಎಲ್ಲವೂ ಡಬ್ಬಾ ಅನ್ನೋದೂ ತಪ್ಪು. ಹೊಗೆಯಿಲ್ಲದ ಮದ್ದಿನ ಪರೀಕ್ಷೆ ಪಾಸಾದ ಡಮಾಸ್ಕಸ್ ಕೋವಿಗಳೂ ಇವೆ. ಕೇಳಬೇಕಾದ ಪ್ರಶ್ನೆ: ಯಾವ ಮದ್ದಿಗೆ ಪರೀಕ್ಷೆ ಆಗಿತ್ತು? ಲಿಯೇಜ್‌ನಲ್ಲಿ 1672ರಿಂದಲೇ ನಳಿಗೆ ಪರೀಕ್ಷೆಯ ಕಟ್ಟಳೆ ಇತ್ತು. ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾಲಯ 1813ರ ಕಾನೂನಿನಿಂದ ಹುಟ್ಟಿತು. ಆಗೆಲ್ಲ ಇದ್ದದ್ದು ಕರಿ ಮದ್ದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಹೊಗೆಯಿಲ್ಲದ ಮದ್ದನ್ನು ರೈಫಲ್ಲಿಗೆ ಒಗ್ಗಿಸಿದ. ಸ್ವಲ್ಪ ತೂಕಕ್ಕೇ ಭಾರೀ ಒತ್ತಡ ಕೊಡುವ ಇಂಥ ಮದ್ದುಗಳು ಬಂದಮೇಲೆ ಹೊಸ ಮುದ್ರೆಗಳೂ ಬಂದವು.

ನಮ್ಮ ಕೋವಿಯನ್ನು ಬಿಚ್ಚಿ ನೋಡಿದೆ. ನಳಿಗೆಯ ಕೆಳಗೆ ಮೊಟ್ಟೆಯಾಕಾರದೊಳಗೆ 'ಇಎಲ್‌ಜಿ'. ಅದು ಲಿಯೇಜ್ ಮುದ್ರೆ. ಹೊಗೆಯಿಲ್ಲದ ಮದ್ದಿಗೆ ಬೇಕಾದ, ಸಿಂಹದ ಕೆಳಗೆ 'ಪಿವಿ' ಎಂಬ ಮುದ್ರೆ ಎಲ್ಲೂ ಇಲ್ಲ. ಬೆಳಕಿಗೆ ಹಿಡಿದರೆ ಎಡ ನಳಿಗೆಯೊಳಗೆ ಸಾಸಿವೆ ಸಿಡಿದ ಹಾಗೆ ಗುಳಿಗಳು. ಕರಿ ಮದ್ದಿನ ಮಸಿ ತೇವ ಹೀರುತ್ತೆ. ನಮ್ಮ ಮಳೆಗಾಲ ಗೊತ್ತಲ್ಲ! ಇನ್ನೊಂದು ಅಪಾಯ ಕಣ್ಣಿಗೆ ಬೀಳೋದಿಲ್ಲ: ಹಳೆಯ ಕೋವಿಗಳ ತೋಟೆಮನೆ ಎಷ್ಟೋ ಸಲ 65 ಮಿ.ಮೀ., ಇಂದಿನ ತೋಟೆ 70. ತೋಟೆ ಒಳಗೆ ಹೋಗುತ್ತೆ, ಆದರೆ ಸಿಡಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತೆ. ನಳಿಗೆ ಒಡೆದರೆ ಮೊದಲು ಹೋಗೋದು ಮುಂದೆ ಹಿಡಿದ ಕೈ.

ನಿಮ್ಮ ಮನೆಯಲ್ಲೂ ಇಂಥದ್ದಿದ್ದರೆ ಒಂದೇ ಮಾತು: ಬಲ್ಲ ಕೋವಿ ಕೆಲಸಗಾರನಿಂದ ಗೋಡೆಯ ದಪ್ಪ, ಗುಳಿ, ತೋಟೆಮನೆ ಅಳೆಸದೆ ಈಡು ಬೇಡ. ಅಳೆಸಿದ ಮೇಲೂ ಮುದ್ರೆ ಒಪ್ಪಿದ ಮದ್ದು ಮಾತ್ರ. "ಅಜ್ಜ ಹೊಡೀತಿದ್ರು" ಅನ್ನೋದು ಪರೀಕ್ಷೆಯಲ್ಲ. ಅಜ್ಜನ ತೋಟೆ ಬೇರೆ, ಅಜ್ಜನ ಕಾಲದ ನಳಿಗೆಗೆ ಇಷ್ಟು ತುಕ್ಕೂ ಇರಲಿಲ್ಲ.

ಅವತ್ತು ಎರಡು ಗುಂಡು ಹಾರಿದ್ದು ಪಕ್ಕದ ಮನೆಯವರ ಕೋವಿಯಿಂದ. ಮುತ್ತಜ್ಜನದ್ದನ್ನು ತಮ್ಮ ಎದೆಗವಚಿಕೊಂಡು ನಿಂತಿದ್ದ. ಅವನ ಎರಡು ಕೈಯೂ ನೆಟ್ಟಗಿದ್ದವು.